ಲಿಸ್ಬನ್‌ನಲ್ಲಿ ಐದು ದಿನ: ಮೀನು ಬೇಕೇ ಬೇಕು ಅನ್ನುವವರೂ, ಮೊಟ್ಟೆಯನ್ನೂ ಮುಟ್ಟದವರೂ ಎಲ್ಲಿ ಉಣ್ಣುವುದು?

ಕಾಳಿ ದಂಡೆ (ಕಾರವಾರ):
ಜೂನ್ ಎರಡನೇ ವಾರ ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲಿ ಐದು ದಿನ ಇರುತ್ತೇವೆ, ನಾಲ್ಕು ಜನ. ಇಬ್ಬರು ಕಾರವಾರದವರು, ಮೀನಿಲ್ಲದೆ ತುತ್ತು ಇಳಿಯುವುದಿಲ್ಲ. ಇನ್ನಿಬ್ಬರು ಶಿರಸಿಯವರು, ಮೊಟ್ಟೆಯೂ ಆಗದು. ದಿನಕ್ಕೆ ತಲೆಗೆ 25 ಯೂರೋ ಊಟ-ತಿಂಡಿಗೆ ಇಟ್ಟಿದ್ದೇವೆ. ಒಂದು ರಾತ್ರಿ ಮಾತ್ರ ಕೈ ಬಿಚ್ಚಿ ಖರ್ಚು ಮಾಡುವ ಆಸೆ. ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಬೇಕು? ಬಿಲ್ಲಿನಲ್ಲಿ ಎಲ್ಲಿ ಏಮಾರುತ್ತೇವೆ?

ಬೈತಖೋಲ ಬಂದರು:
25 ಸಾಕು. ಆದರೆ ದೊಡ್ಡ ಊಟ ಮಧ್ಯಾಹ್ನವೇ ಆಗಬೇಕು. ಅಲ್ಲಿನ ಸಣ್ಣ ಖಾನಾವಳಿಗೆ 'ತಾಶ್ಕಾ' ಅನ್ನುತ್ತಾರೆ. ಬಾಗಿಲಲ್ಲಿ ಕೈಬರಹದ ಚೀಟಿ ಅಂಟಿಸಿರುತ್ತಾರಲ್ಲ, 'ಪ್ರಾತು ದು ದಿಯಾ' ಅಂತ, ಅದೇ ಅವತ್ತಿನ ಊಟ. ಸುಮಾರು 9ರಿಂದ 12 ಯೂರೋ. ಎಷ್ಟೋ ಕಡೆ ಸೂಪು, ಕುಡಿಯಲಿಕ್ಕೆ ಒಂದು, ಕಾಫಿ ಅದರಲ್ಲೇ ಬರುತ್ತದೆ. ಹೊತ್ತು 12ರಿಂದ 3. ಮೂರರ ಮೇಲೆ ಒಲೆ ಆರಿಸಿದರೆ ಮತ್ತೆ ಹಚ್ಚುವುದು ಏಳೂವರೆಗೆ. ನಾಲ್ಕು ಗಂಟೆಗೆ ಹಸಿದು ಹೊರಟವರೇ ರುವಾ ಅಗುಶ್ತಾ ಎಂಬ ಪ್ರವಾಸಿಗರ ಬೀದಿಯಲ್ಲಿ ಫೋಟೋ ಮೆನು ಹಿಡಿದು ಕರೆಯುವವರ ಕೈಗೆ ಸಿಗುವುದು. ಅಲ್ಲಿ ಕೂರಬೇಡಿ.

ಕೂತ ಕೂಡಲೇ ಕೇಳದೇ ಬ್ರೆಡ್ಡು, ಆಲಿವ್ ಕಾಯಿ, ಚೀಸು ತಂದಿಡುತ್ತಾರೆ. ನಮ್ಮಲ್ಲಿ ಎಲೆ ತುದಿಗೆ ಉಪ್ಪು-ಉಪ್ಪಿನಕಾಯಿ ಬಡಿಸಿದ ಹಾಗೆ ಕಾಣುತ್ತದೆ, ಆದರೆ ಪುಕ್ಕಟೆಯಲ್ಲ. ಇದು 'ಕುವೆರ್', ಒಂದೊಂದಕ್ಕೂ ದರ ಇದೆ. ನೀವು ಕೇಳದೇ, ಮುಟ್ಟದೇ ಇದ್ದರೆ ಕಾನೂನಿನ ಪ್ರಕಾರ ದುಡ್ಡು ಕೊಡಬೇಕಾಗಿಲ್ಲ. ಬೇಡವಾದರೆ ಇಟ್ಟ ಕ್ಷಣವೇ ವಾಪಸ್ ಕೊಡಿ. ಒಂದು ಆಲಿವ್ ಬಾಯಿಗೆ ಹೋದರೂ ಇಡೀ ತಟ್ಟೆಯ ಲೆಕ್ಕ.

ದೊಡ್ಡ ಪೆಟ್ಟು ಬೀಳುವುದು ಮೀನಿನಲ್ಲಿ. ಬೆಲೆಯ ಪಕ್ಕ 'ಕೆಜಿ' ಅಂತ ಇದ್ದರೆ ಅದು ತಟ್ಟೆಯ ದರ ಅಲ್ಲ, ತೂಕದ ದರ. ಕಿಲೋಗೆ 60 ಯೂರೋ ಇರುವ ಮೀನು ಮುಕ್ಕಾಲು ಕಿಲೋ ತೂಗಿದರೆ 45 ಆಯಿತು. ಮೀನು ತೋರಿಸಿ, ಎದುರಿಗೇ ತೂಗಿಸಿ, ಒಟ್ಟು ಎಷ್ಟು ಅಂತ ಕೇಳಿದ ಮೇಲೆಯೇ ಕೆಂಡಕ್ಕೆ ಹೋಗಲಿ. ಪೇಟೆಗೆ ಹೋಗಿ ಮೀನು ಆರಿಸುವವರಿಗೆ ಇದನ್ನು ಕಲಿಸಬೇಕಾ! ಮೆನುವಿನಲ್ಲಿ 'ಮೆಯಾ ದೋಜ್' ಇದ್ದರೆ ಅರ್ಧ ಪಾಲು. ಒಬ್ಬರಿಗೆ ಅದೇ ಧಾರಾಳ, ಪೂರ್ತಿ ಪಾಲಿನಲ್ಲಿ ಇಬ್ಬರು ಉಣ್ಣಬಹುದು.

ಜೂನ್ ಅಂದರೆ ಸಾರ್ಡೀನಿಗೆ ಕೊಬ್ಬು ಕೂಡುವ ಕಾಲ, ಪುಣ್ಯವಂತರು ನೀವು. ನಮ್ಮ ತಾರ್ಲೆಯ ದಾಯಾದಿ ಅದು. ಆದರೆ ಮಸಾಲೆ ಇಲ್ಲ, ಹೊಟ್ಟೆ ಸೀಳಿ ತೆಗೆಯುವುದೂ ಇಲ್ಲ. ಕಲ್ಲುಪ್ಪು ಹಾಕಿ ಇಡಿಯಾಗಿ ಕೆಂಡದ ಮೇಲೆ ಸುಡುತ್ತಾರೆ. ತಿನ್ನುವ ಕ್ರಮ: ಬ್ರೆಡ್ ಚೂರಿನ ಮೇಲೆ ಮೀನಿಟ್ಟು, ಸುಟ್ಟ ಚರ್ಮ ಬಿಡಿಸಿ, ಬೆನ್ನಿನ ಕಡೆಯಿಂದ ಮೇಲಿನ ಮಾಂಸ ಎಬ್ಬಿಸಿ ತೆಗೆಯಬೇಕು. ಆಮೇಲೆ ತಲೆ ಹಿಡಿದು ನಿಧಾನ ಎಳೆದರೆ ಮುಳ್ಳೂ ಒಳಗಿನದೂ ಒಟ್ಟಿಗೆ ಬರುತ್ತದೆ. ಹೊಟ್ಟೆ ಕಡೆಯಿಂದ ಚಾಕು ಹಾಕಿದರೆ ಎಲ್ಲ ಕಹಿ. ಕೊನೆಗೆ ಎಣ್ಣೆ ಕುಡಿದ ಆ ಬ್ರೆಡ್ ತಿನ್ನಿ, ರುಚಿ ಇರುವುದು ಅದರಲ್ಲೇ.

ಜೂನ್ 12ರ ರಾತ್ರಿ ಸಂತ ಆಂತೋನಿಯ ಜಾತ್ರೆ. ಅಲ್ಫಾಮಾ ಎಂಬ ಹಳೇ ಕೇರಿಯ ಓಣಿ ತುಂಬ ಹೊಗೆ, ಜನ. ಅವತ್ತು ಅಲ್ಲಿ ಕೂತು ಉಣ್ಣುವ ಆಸೆ ಬಿಡಿ. ನಿಂತು ತಿನ್ನಿ, ದರವೂ ಹೆಚ್ಚೇ. ಸೋಮವಾರ ಬಹಳ ಮೀನಿನ ಹೋಟೆಲು ಮುಚ್ಚಿರುತ್ತವೆ. ಆ ದಿನಕ್ಕೆ 'ಬಕಲ್ಯಾವ್', ಅಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಒಂದೆರಡು ದಿನ ನೀರು ಬದಲಿಸುತ್ತಾ ನೆನೆಸಿ ಉಪ್ಪು ಬಿಡಿಸಿರುತ್ತಾರೆ, ಒಣಮೀನಿನ ವಾಸನೆ ಹುಡುಕಬೇಡಿ. ಮೊದಲ ಸಲಕ್ಕೆ 'ಆ ಬ್ರಾಶ್' ಬಗೆ ಕೇಳಿ: ಎಳೆ ಬಿಡಿಸಿದ ಮೀನು, ಕಡ್ಡಿಯಂತೆ ಕರಿದ ಬಟಾಟೆ, ಮೊಟ್ಟೆ. ಬಟಾಟೆಗೆ ಅಲ್ಲಿಯೂ ಬಟಾಟೆಯೇ, ನಮಗೆ ಆ ಮಾತು ಬಂದದ್ದೇ ಅವರಿಂದ. ಖಾರ ಬೇಕಾದರೆ 'ಪಿರಿ ಪಿರಿ' ಅನ್ನಿ.

ಯಾಣದ ದಾರಿ (ಶಿರಸಿ):
ಸಸ್ಯಾಹಾರಿಗಳ ಪಾಡು ಬೇರೆ, ಅಲ್ಲಿ ಹೆಸರು ನಂಬಿದರೆ ಕೆಟ್ಟಿರಿ. 'ಕಾಲ್ದು ವೆರ್ದ್' ಅಂದರೆ ಹಸಿರು ಸೂಪು, ಆದರೆ ಮೇಲೆ ಹಂದಿ ಸಾಸೇಜಿನ ಬಿಲ್ಲೆ ತೇಲುತ್ತಿರುತ್ತದೆ. ತರಕಾರಿ ಸೂಪಿಗೂ ಕೆಲವು ಕಡೆ ಮಾಂಸ ಬೇಯಿಸಿದ ನೀರು ಹಾಕುತ್ತಾರೆ. ಕಾಫಿ ಅಂಗಡಿಯ ಗಾಜಿನೊಳಗೆ ಕಾಣುವ 'ಶಮುಸಾ' ನಮ್ಮ ಸಮೋಸಾ ಹೌದು, ಒಳಗೆ ಸಾಮಾನ್ಯವಾಗಿ ಕೊಚ್ಚಿದ ಮಾಂಸ. 'ಪುದೀಂ ಅಬಾದ್ ದ್ ಪ್ರೀಶ್ಕುಶ್' ಎಂಬ ಸಿಹಿಗೆ ಹಂದಿ ಕೊಬ್ಬು ಹಾಕುತ್ತಾರೆ ಅಂದರೆ ಯಾರು ಊಹಿಸಿಯಾರು? ಊರಿಗೇ ಹೆಸರಾದ ಸಿಹಿ 'ಪಶ್ತೆಲ್ ದ್ ನಾತಾ'ದಲ್ಲಿ ಮೊಟ್ಟೆಯ ಹಳದಿಯೇ ಮುಖ್ಯ. ಬೆಲೆಂನ ಹಳೇ ಅಂಗಡಿ 1837ರಿಂದ ಮಾಡುತ್ತಿದೆ, ಅದು ಕಾರವಾರದವರ ಪಾಲಿಗಿರಲಿ. ತಮಾಷೆ ಎಂದರೆ 'ಪೈಶಿಂಞುಶ್ ದಾ ಓರ್ತಾ', ಅರ್ಥ 'ತೋಟದ ಪುಟ್ಟ ಮೀನು', ಬರೀ ಬೀನ್ಸ್ ಬಜೆ! ಆದರೆ ಹಿಟ್ಟಿಗೆ ಮೊಟ್ಟೆ ಸೇರಿಸುವುದುಂಟು, ಕೇಳಿಯೇ ತಿನ್ನಿ.

'ಸೆಂ ಕಾರ್ನ್' (ಮಾಂಸ ಬೇಡ) ಅಂದರೆ ಮಾತ್ರ ಸಾಲದು, ಮೇಲೆ ಟ್ಯೂನಾ ಮೀನು ಹಾಕಿಕೊಟ್ಟಾರು. 'ಸೆಂ ಕಾರ್ನ್, ಸೆಂ ಪೈಶ್, ಸೆಂ ಓವುಶ್' ಅಂತ ಮೂರನ್ನೂ ಹೇಳಿ, ಇಲ್ಲ ಚೀಟಿಯಲ್ಲಿ ಬರೆದು ತೋರಿಸಿ.

ನಿಶ್ಚಿಂತೆಯ ಊಟ ಲುಮಿಯಾರ್ ಕಡೆಯ ರಾಧಾಕೃಷ್ಣ ದೇವಸ್ಥಾನದ ಕ್ಯಾಂಟೀನಿನಲ್ಲಿ. ಮೊಜಾಂಬಿಕ್‌ನಿಂದ ಬಂದು ನೆಲೆಸಿದ ಗುಜರಾತಿಗಳದ್ದೇ ಅಲ್ಲಿ ಹೆಚ್ಚು. ಹೊರಗಿನವರೂ ಹೋಗಬಹುದು, ಹೊತ್ತು ವಿಚಾರಿಸಿ ಹೊರಡಿ. ಬೆಳಗಿನ ತಿಂಡಿಗೆ 'ತುರ್ರಾದಾ', ದಪ್ಪ ಬ್ರೆಡ್ಡಿನ ಬೆಣ್ಣೆ ಟೋಸ್ಟು, ಜೊತೆಗೆ 'ಗಲ್ಯಾವ್' ಅನ್ನುವ ಹಾಲು ಕಾಫಿ. ಚಾ ಕೇಳಿದರೆ ಹಾಲಿಲ್ಲದ್ದು ಬರುತ್ತದೆ. ಹಾಂ, ಕೌಂಟರಿಗೆ ನಿಂತು ಕುಡಿದರೆ ಒಂದು ದರ, ಮೇಜಿಗೆ ಹೆಚ್ಚು, ಹೊರಗೆ ಬಿಸಿಲಿನ ಕುರ್ಚಿಗೆ ಇನ್ನೂ ಹೆಚ್ಚು ಇರಬಹುದು. ಗೋಡೆಯ ದರಪಟ್ಟಿ ನೋಡಿ.

ಶರಾವತಿ ಕಡವು:
ಕೈ ಬಿಚ್ಚುವ ರಾತ್ರಿಗೆ ಕಾರವಾರದ ಇಬ್ಬರು ರಾಮಿರು ಎಂಬ ಸಿಗಡಿ-ಏಡಿ ಹೋಟೆಲಿಗೆ ಹೋಗಿ. ಅಲ್ಮಿರಾಂತ್ ರೈಶ್ ರಸ್ತೆಯಲ್ಲಿದೆ, 1956ರದ್ದು, ಸೋಮವಾರ ರಜೆ. ಸಿಗಡಿ, ಏಡಿ ಎಲ್ಲ ತೂಕದ ಮೇಲೆ, ತಲೆಗೆ 50-60 ಹಿಡಿಯಿರಿ. ನಮ್ಮ ಬಳಚಿನಂಥ ಚಿಪ್ಪಿಯನ್ನು ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ಕೊಡುತ್ತಾರೆ, ಅದನ್ನು ಬಿಡಬೇಡಿ. ಕೊನೆಗೆ ಸಿಹಿಯ ಬದಲು ತಿನ್ನುವ 'ಪ್ರೇಗು' ಅಂದರೆ ದನದ ಮಾಂಸದ ಬನ್ನು, ತಿಳಿದಿರಲಿ. ಶಿರಸಿಯವರಿಗೆ ಅಲ್ಲಿ ಕೆಲಸ ಇಲ್ಲ. ನಾಲ್ವರೂ ಒಟ್ಟಿಗೇ ಆಗಬೇಕಾದರೆ ಕೈಶ್ ದು ಸುದ್ರೆಯ ಟೈಮ್ ಔಟ್ ಮಾರ್ಕೆಟ್: ಮೇಜು ಒಂದೇ, ಅಂಗಡಿ ಹತ್ತಾರು. ತಾಶ್ಕಾಗಿಂತ ದುಬಾರಿ. ಎಂಟು ಗಂಟೆಗೆ ಕುರ್ಚಿ ಸಿಗದು, ಆರೂವರೆಗೇ ಹೋಗಿ. ಎರಡು ಮಿಶೆಲಿನ್ ನಕ್ಷತ್ರ (ಅಡುಗೆಗೆ ಸಿಗುವ ದೊಡ್ಡ ಮನ್ನಣೆ) ಪಡೆದ ಬೆಲ್ಕಾಂತು ಹೋಟೆಲು ನಿಮ್ಮ ಲೆಕ್ಕಕ್ಕಲ್ಲ, ತಲೆಗೆ 200 ದಾಟುತ್ತದೆ.

ಕಾಳಿ ದಂಡೆ:
ಉಪಕಾರವಾಯಿತು. ಕಾರ್ಡು ಎಲ್ಲ ಕಡೆ ನಡೆಯುತ್ತದಾ? ಟಿಪ್ಸ್ ಎಷ್ಟು?

ಬೈತಖೋಲ ಬಂದರು:
ಸಣ್ಣ ತಾಶ್ಕಾಗಳಲ್ಲಿ ಅಲ್ಲಿನದೇ 'ಮುಲ್ತಿಬಾಂಕು' ಕಾರ್ಡು ಮಾತ್ರ ತೆಗೆದುಕೊಳ್ಳುವುದುಂಟು, ಹೊರಗಿನದು ಓಡುವುದಿಲ್ಲ. ಕಿಸೆಯಲ್ಲಿ 40-50 ಯೂರೋ ನಗದು ಇರಲಿ. ಟಿಪ್ಸ್ ಕಡ್ಡಾಯ ಅಲ್ಲ, ಚಿಲ್ಲರೆ ಬಿಟ್ಟು ಎದ್ದರೆ ಯಾರೂ ಮುಖ ಗಂಟು ಹಾಕುವುದಿಲ್ಲ. ಬಿಲ್ ಮಾಡುವಾಗ 'ಕೊಂತ್ರಿಬುಯಿಂತ್?' ಅಂತ ಕೇಳುತ್ತಾರೆ. ಅದು ಅಲ್ಲಿಯವರ ತೆರಿಗೆ ನಂಬರು, 'ನಾವ್' (ಇಲ್ಲ) ಅಂದರೆ ಮುಗಿಯಿತು.