ಸಹಾಯ ಬೇಕು: ಹಳೇ ಮಸ್ಟಾಂಗ್‌ಗೆ ಎಷ್ಟು ಕೊಡಬಹುದು?

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಬೆಂಗಳೂರಿನಲ್ಲಿರುವ ಭಾವ ತಮ್ಮ 2017ರ ಫೋರ್ಡ್ ಮಸ್ಟಾಂಗ್ ಜಿಟಿ ಮಾರುತ್ತಿದ್ದಾರೆ. ನನಗೆ ಆಸೆ, ಮನೆಯವರಿಗೆ ಸಿಟ್ಟು. ಅಡಿಕೆ ದುಡ್ಡು ಅಲ್ವಾ!

2016ರಲ್ಲಿ ಈ ಮಾಡೆಲ್ ಭಾರತಕ್ಕೆ ಬಂದಾಗ ಷೋರೂಂ ಬೆಲೆಯೇ ಸುಮಾರು 65 ಲಕ್ಷ. ಇಡೀ ಕಾರೇ ಅಮೆರಿಕದಿಂದ ಬರುತ್ತಿದ್ದುದರಿಂದ ಸುಂಕ ಜಾಸ್ತಿ. ಸುಂಕ, ರೋಡ್ ಟ್ಯಾಕ್ಸ್‌ನ ಪೆಟ್ಟು ಮೊದಲ ಮಾಲೀಕನಿಗೇ ಬಿದ್ದಿರುತ್ತೆ, ಎರಡನೆಯವನಿಗೆ ಲಾಭ ಅನ್ನೋದು ಭಾವನ ವಾದ. 5 ಲೀಟರ್ ವಿ8 ಎಂಜಿನ್, ಬಲಗಡೆ ಸ್ಟೀರಿಂಗ್, ಇಂಥವು ಸಿಗೋದೇ ಕಡಿಮೆ, ಇನ್ನು ಬೆಲೆ ಇಳಿಯಲ್ಲ ಅಂತಾರೆ. ಮಾರುವವರು ಹಾಗೇ ಹೇಳೋದು ಬಿಡಿ.

ನನ್ನ ಅನುಮಾನ ಬೇರೆ. ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲೇ ಹೇಳಿತು. ನಾಳೆ ಹೆಡ್‌ಲೈಟ್ ಒಡೆದರೆ ಏನು ಗತಿ? ನಮ್ಮ ತೋಟದ ದಾರಿಯ ಉಬ್ಬಿಗೆ ಆ ತಗ್ಗು ಗಾಡಿಯ ಹೊಟ್ಟೆ ಉಜ್ಜೋದು ಖಂಡಿತ. ಮಳೆಗಾಲದಲ್ಲಿ ನಮ್ಮ ಜೀಪಿನ ಸೀಟಿಗೇ ಬೂಸ್ಟು ಹಿಡಿಯುತ್ತೆ, ಇದರ ಲೆದರ್ ಸೀಟು ಉಳಿಯುತ್ತಾ?

ಇಂಥ ಗಾಡಿ ಇಟ್ಟುಕೊಂಡವರು, ಮಾರಿದವರು ಇದ್ದರೆ ದಯವಿಟ್ಟು ತಿಳಿಸಿ. ಬಿಡಿಭಾಗ ಎಲ್ಲಿಂದ ತರಿಸ್ತೀರಿ? ಸರ್ವಿಸ್ ದಾಖಲೆ ಪೂರ್ತಿ ಇದ್ದರೆ ಬೆಲೆಯಲ್ಲಿ ನಿಜವಾಗ್ಲೂ ವ್ಯತ್ಯಾಸ ಆಗುತ್ತಾ? ಶಿವಮೊಗ್ಗದಲ್ಲಿ ಇದನ್ನು ಬಿಚ್ಚಿ ನೋಡುವ ಧೈರ್ಯ ಇರುವ ಮೆಕ್ಯಾನಿಕ್ ಗೊತ್ತಿದ್ದರೂ ಹೇಳಿ.