ದ್ರಾಕ್ಷಿ ರಫ್ತಿಗೆ ಔಷಧಿ ಉಳಿಕೆ ಪರೀಕ್ಷೆ: ಮಾಡಿದವರು ಸ್ವಲ್ಪ ಹೇಳಿ

ಕೇಳಿದವರು, ತಿಕೋಟಾ ಕಡೆಯ ಬೆಳೆಗಾರ:
ನಮ್ಮದು ಥಾಮ್ಸನ್ ದ್ರಾಕ್ಷಿ. ಇಷ್ಟು ವರ್ಷ ಒಣದ್ರಾಕ್ಷಿ ಮಾಡಿಯೇ ಮಾರಿದ್ದೇವೆ. ಈ ಸಲ ಯುರೋಪಿಗೆ ಕಳಿಸುವ ವ್ಯಾಪಾರಿಯೊಬ್ಬರು ಹಸಿ ಹಣ್ಣು ಕೇಳಿದ್ದಾರೆ. ಎಂಆರ್‌ಎಲ್, ಅಂದರೆ ಹಣ್ಣಿನಲ್ಲಿ ಔಷಧಿ ಎಷ್ಟರವರೆಗೆ ಉಳಿದಿರಬಹುದು ಅನ್ನೋ ಮಿತಿ, ಪಾಸಾಗಲೇಬೇಕು ಅಂತಾರೆ. ಅಕ್ಟೋಬರ್ ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಇನ್ನೂ ಆಗಿಲ್ಲ. ಕೊಯ್ಲಿಗೆ ತಿಂಗಳು ಮೊದಲು ಔಷಧಿ ನಿಲ್ಲಿಸಿದರೆ ಸಾಕಾ?

ರಫ್ತು ಮಾಡುವ ಬೆಳೆಗಾರ:
ಸಾಕಾಗಲ್ಲ ಅಣ್ಣ. ಮೊದಲು ಇದನ್ನು ಹೇಳಿ, ಏಪ್ರಿಲ್ ಚಾಟ್ನಿ ಆದಮೇಲೆ ಲಿಹೋಸಿನ್ ಹೊಡೆದಿದ್ದೀರಾ? ಅದರಲ್ಲಿರುವುದು ಕ್ಲೋರ್ಮೆಕ್ವಾಟ್. ಬಳ್ಳಿ ಸುಮ್ನೆ ಉದ್ದ ಹೋಗದೆ ಕಡ್ಡಿಯಲ್ಲಿ ಗೊಂಚಲು ಕಟ್ಟಲಿ ಅಂತ ಹೊಡೆಯುತ್ತೇವೆ. ಆದರೆ ಅದು ಬಳ್ಳಿಯೊಳಗೇ ಉಳಿದು ಹಣ್ಣಿಗೆ ಬರುತ್ತದೆ. 2010ರಲ್ಲಿ ನಮ್ಮ ದೇಶದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕಾರ ಆಗಿದ್ದು ಇದರಿಂದಲೇ. ಅಲ್ಲಿನ ಮಿತಿ ಕೆಜಿಗೆ 0.05 ಮಿಲಿಗ್ರಾಂ ಇತ್ತು. ಅಂದರೆ 20 ಟನ್ ಹಣ್ಣಿಗೆ ಒಂದೇ ಗ್ರಾಂ! ಇಲ್ಲಿ ಪರೀಕ್ಷೆ ಮಾಡುವ ಪಟ್ಟಿಯಲ್ಲಿ ಆಗ ಆ ಹೆಸರೇ ಇರಲಿಲ್ಲ. ಎಷ್ಟು ಜನ ನಷ್ಟ ತಿಂದರು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೊಡೆದಿದ್ದರೆ ವ್ಯಾಪಾರಿಗೆ ಈಗಲೇ ಹೇಳಿಬಿಡಿ. ಹೊಡೆದಿಲ್ಲದಿದ್ದರೆ ತೋಟಗಾರಿಕೆ ಇಲಾಖೆಯಲ್ಲಿ ತೋಟ ನೋಂದಾಯಿಸಿ. ನೋಂದಣಿ ಇಲ್ಲದ ತೋಟದ ಹಣ್ಣು ಯುರೋಪಿಗೆ ಹೋಗಲ್ಲ. ಮಾದರಿ ಹಣ್ಣನ್ನು ಲ್ಯಾಬಿನವರೇ ತೋಟಕ್ಕೆ ಬಂದು ಕೊಯ್ಯುತ್ತಾರೆ.

ಕೃಷಿ ಓದಿ ಸಲಹೆ ಕೊಡುವವರು:
ಮಿತಿ ಒಂದೊಂದು ಔಷಧಿಗೆ, ಒಂದೊಂದು ಬೆಳೆಗೆ ಬೇರೆ. ದೇಶ ಬದಲಾದರೂ ಬೇರೆ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ದ್ರಾಕ್ಷಿಗೆ ಹೊಡೆಯಬಹುದಾದ ಔಷಧಿಗಳ ಪಟ್ಟಿ ಕೊಡುತ್ತದೆ. ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಔಷಧಿವಾರು ಅದರಲ್ಲೇ ಇದೆ. ಅದನ್ನು ಪಂಪಿನ ಮನೆ ಗೋಡೆಗೆ ಅಂಟಿಸಿ. ಯಾವ ಮಿತಿಯೂ ಗೊತ್ತುಮಾಡದ ಔಷಧಿಗೆ ಯುರೋಪಿನಲ್ಲಿ ಕೆಜಿಗೆ 0.01 ಮಿಲಿಗ್ರಾಂ ಲೆಕ್ಕ.

ವಹಿಯಲ್ಲಿ ಬ್ರ್ಯಾಂಡ್ ಹೆಸರು ಮಾತ್ರ ಬರೆದರೆ ಏನೂ ತಿಳಿಯಲ್ಲ. ಡಬ್ಬಿ ಮೇಲೆ ಸಣ್ಣಕ್ಷರದಲ್ಲಿ ಇರುವ ಒಳಗಿನ ಔಷಧಿಯ ಹೆಸರು, ಬ್ಯಾಚ್ ನಂಬರ್, ಪ್ರಮಾಣ, ತಾರೀಖು, ಎಲ್ಲ ಬರೆಯಿರಿ. ಮೂರು ಬೇರೆ ಡಬ್ಬಿ ತಂದರೂ ಒಳಗೆ ಒಂದೇ ಔಷಧಿ ಇರಬಹುದು. ಒಳಗೇನಿದೆ ಅಂತ ಬರೆಯದ ‘ಟಾನಿಕ್’ ಅಂತೂ ತೋಟಕ್ಕೇ ತರಬೇಡಿ. ಅಂಥದರಲ್ಲಿ ಕೀಟನಾಶಕ ಬೆರೆಸಿದ್ದು ಸಿಕ್ಕಿದೆ.

ಒಣದ್ರಾಕ್ಷಿ ಶೆಡ್ ನಡೆಸುವ ಅಕ್ಕ:
ಲ್ಯಾಬಿನಲ್ಲಿ ಫೇಲಾದ್ರೆ ಒಣಗಿಸಿದರಾಯ್ತು ಅನ್ನೋರು ಬಹಳ ಜನ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ ಅಣ್ಣ. ಸುಮಾರು ನಾಲ್ಕು ಕೆಜಿ ಹಸಿ ಹಣ್ಣು ಒಣಗಿ ಒಂದು ಕೆಜಿ ಆಗುತ್ತದೆ. ನೀರು ಹೋಗುತ್ತದೆ, ಔಷಧಿ ಎಲ್ಲವೂ ಹೋಗಲ್ಲ. ನಮ್ಮ ದೇಶದಲ್ಲೂ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ಮಿತಿ ಹಾಕಿದೆ, ಅದು ಬರೀ ಹೊರದೇಶದವರಿಗಲ್ಲ. ಇಲ್ಲಿ ಅದನ್ನು ತಿನ್ನೋರು ಬಾಣಂತಿಯರು, ಮಕ್ಕಳು ಅಲ್ವಾ?

ಇನ್ನೊಂದು. ಹಾಲಿಗೂ ಇಂಥ ಮಿತಿ ಇದೆ. ಔಷಧಿ ಹೊಡೆದ ಸಾಲಿನ ಹುಲ್ಲು ಕೊಯ್ದು ಎಮ್ಮೆಗೆ ಹಾಕಬೇಡಿ. ಬದುವಿನ ಹುಲ್ಲಿಗೂ ಗಾಳಿಯಲ್ಲಿ ಔಷಧಿ ಹಾರಿ ಬಿದ್ದಿರುತ್ತದೆ. ಮೇವಿಗೆ ಜಾಗ ಬೇರೆಯೇ ಇಡಿ.