ಮಾತಾಡುವಾಗ ಗಂಟಲು ಹಿಡಿಯುವುದಕ್ಕೆ ಬೊಟಾಕ್ಸ್: ಹಾಸನ ಕಡೆಯವರ ಅನುಭವ ಬೇಕು

ಅರಸೀಕೆರೆ ಟೀಚರ್: ನಮಸ್ಕಾರ. ಪಾಠ ಮಾಡುವಾಗ ಪದ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಸ್ಪಾಸ್ಮೋಡಿಕ್ ಡಿಸ್ಫೋನಿಯಾ (ಸ್ವರಪೆಟ್ಟಿಗೆಯ ಸ್ನಾಯು ತಾನಾಗಿ ಸೆಳೆಯುವ ಕಾಯಿಲೆ), ಅಡಕ್ಟರ್ ಟೈಪ್, ಅಂದರೆ ಸ್ವರತಂತುಗಳು ಬಿಗಿಯಾಗಿ ಒತ್ತಿಕೊಳ್ಳುವುದು ಅಂದಿದ್ದಾರೆ. ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿ ಅಂತ ಸಲಹೆ. ಜೂನ್‌ಗೆ ಶಾಲೆ ಶುರು. ಹಾಕಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ.

ಮೂಡಿಗೆರೆ ರೈಟರ್: ತೋಟದಲ್ಲಿ ಬೆಳಗ್ಗೆ ಹಾಜರಿ ಕೂಗುವುದೇ ನನ್ನ ಕೆಲಸ. ಸ್ವರ ಬರದೆ ಆಳುಗಳು ಮುಖ ಮುಖ ನೋಡುತ್ತಿದ್ದರು. ಬೆಂಗಳೂರಿನಲ್ಲಿ ಹಾಕಿಸುತ್ತೇನೆ. ಕತ್ತಿನ ಮುಂದಿನಿಂದ ಸೂಜಿ ಚುಚ್ಚಿ "ಈ ಅನ್ನಿ" ಅನ್ನುತ್ತಾರೆ. ಸ್ನಾಯುವಿನ ವಿದ್ಯುತ್ ಸಂಕೇತವನ್ನು ಶಬ್ದವಾಗಿ ಕೇಳಿಸುವ ಇಎಂಜಿ ಮಷಿನ್ ಕರಕರ ಜೋರಾದರೆ ಸೂಜಿ ಸರಿಯಾದ ಸ್ನಾಯುವಿನಲ್ಲಿದೆ ಅಂತ ಅರ್ಥ. ನೋವು ತಡೆಯಬಹುದು, ಬಿಲ್ ತಡೆಯುವುದು ಕಷ್ಟ. ಬಾಟಲಿ 100 ಯೂನಿಟ್‌ದು. ನನಗೆ ಹೋಗುವುದು ಒಂದೊಂದು ಪಕ್ಕಕ್ಕೆ ಒಂದೂವರೆ ಯೂನಿಟ್. ಆದರೂ ಪೂರ್ತಿ ಬಾಟಲಿಗೆ 17,500. ಇಎಂಜಿಗೆ 3,200, ಡಾಕ್ಟರ್ ಫೀಸ್ 1,000, ಬಸ್ಸು, ಲಾಡ್ಜ್, ಊಟ ಬೇರೆ. ಇನ್ಶೂರೆನ್ಸ್‌ನವರು ಕಾಸ್ಮೆಟಿಕ್ ಅಂತ ಬರೆದು ವಾಪಸ್ ಕಳಿಸಿದರು. ಮುಖದ ಸುಕ್ಕಿಗಾ ನಾನು ಹಾಕಿಸಿದ್ದು? ಮೂರ್ನಾಲ್ಕು ತಿಂಗಳಿಗೆ ಔಷಧಿ ಇಳಿಯುತ್ತದೆ, ಮತ್ತೆ ಅದೇ ಬಿಲ್.

ಬೇಲೂರು ಅಕ್ಕ: ಬೊಟಾಕ್ಸ್‌ನಲ್ಲಿರುವ ಬಾಟುಲಿನಮ್ ಅಂದರೆ ವಿಷ. ಕತ್ತಿಗೆ ಯಾಕೆ ಹಾಕಿಸಬೇಕು? ನಾನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಥೆರಪಿ ತಗೊಂಡೆ. ಮನೆಯಲ್ಲೂ ದಿನಾ ಉಸಿರಿನ ಅಭ್ಯಾಸ ಬಿಡಲಿಲ್ಲ. ಒಂದು ಸೂಜಿ ಇಲ್ಲದೆ ಸ್ವರ ವಾಪಸ್ ಬಂತು. ತಾಳ್ಮೆ ಇಲ್ಲದವರು ಇಂಜೆಕ್ಷನ್‌ಗೆ ಓಡುತ್ತಾರೆ.

ಮೂಡಿಗೆರೆ ರೈಟರ್: ಅಕ್ಕಾ, ನಿಮಗಿದ್ದದ್ದು ಸ್ನಾಯು ಬಿಗಿತ, ಎಂಟಿಡಿ. ಅದು ಥೆರಪಿಗೆ ಬಗ್ಗುತ್ತದೆ. ನಮ್ಮದು ಡಿಸ್ಟೋನಿಯಾ, ಸ್ನಾಯು ತಾನಾಗಿ ಸೆಳೆಯುವುದು, ಅದು ಮಿದುಳಿನಿಂದ ಬರುವುದು. ನಾನೂ ಥೆರಪಿ ಮಾಡಿದವನೇ. ತಾಳ್ಮೆ ಇಲ್ಲ ಅನ್ನಬೇಡಿ.

ಬೇಲೂರು ಅಕ್ಕ: ನನ್ನ ಗಂಟಲು ನೋಡದೆ ಕಾಯಿಲೆ ಹೇಳುವುದಕ್ಕೆ ನೀವೇನು ಡಾಕ್ಟ್ರಾ?

ಚನ್ನರಾಯಪಟ್ಟಣ ಅರ್ಚಕ: ಜಗಳ ಸಾಕು. ನನ್ನದು ಕೇಳಿ. ಮಂತ್ರ ಹೇಳುವಾಗ ಸ್ವರ ಸಲೀಸು. ಭಕ್ತರ ಹೆಸರು, ನಕ್ಷತ್ರ ಕೇಳಲು ಹೋದರೆ ಕತ್ತು ಹಿಸುಕಿದ ಹಾಗೆ. ಅದಕ್ಕೇ ಎಲ್ಲರೂ ನಾಟಕ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹಾಡು, ನಗುವಿನಲ್ಲಿ ಸೆಳೆತ ಕಡಿಮೆಯಾಗುವುದೇ ಈ ಕಾಯಿಲೆಯ ಗುಣ ಅಂತ ಡಾಕ್ಟರ್ ಹೇಳಿದ ಮೇಲೆ ಬಾಯಿ ಮುಚ್ಚಿದರು. ಮೊದಲ ಸಲ ಡೋಸ್ ಜಾಸ್ತಿಯಾಗಿ ಒಂದೆರಡು ವಾರ ಬರೀ ಗಾಳಿ, ಪಿಸುಮಾತು. ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ಗದ್ದ ತಗ್ಗಿಸಿ ಗುಟುಕು ಗುಟುಕಾಗಿ ಕುಡಿಯಬೇಕಾಯಿತು. ರಥೋತ್ಸವಕ್ಕೆ ಬೇರೆಯವರನ್ನು ನಿಲ್ಲಿಸಿದರು. ಆಮೇಲೆ ಡೋಸ್ ಇಳಿಸಿದರು, ಈಗ ಚೆನ್ನಾಗಿದೆ. ಬಾಟಲಿ ದುಡ್ಡು ನನಗೆ ಅಷ್ಟು ಬೀಳುವುದಿಲ್ಲ. ನಾನು ಹೋಗುವಲ್ಲಿ ಒಂದೇ ದಿನ ನಾಲ್ಕೈದು ಜನರನ್ನು ಕರೆದು ಹಂಚುತ್ತಾರೆ.

ಸಕಲೇಶಪುರ: ಎಲ್ಲರೂ ಬೆಂಗಳೂರಿಗೇ ಯಾಕೆ ಸಾಯುತ್ತೀರಿ? ನಾನು ಮಂಗಳೂರಿಗೆ ಹೋಗುತ್ತೇನೆ. ನನ್ನದು ಅಬ್ಡಕ್ಟರ್, ಮಾತಿನ ಮಧ್ಯೆ ಗಾಳಿ ಸೋರುತ್ತದೆ. ಸ್ವರತಂತು ತೆರೆಯುವ ಸ್ನಾಯು ಸ್ವರಪೆಟ್ಟಿಗೆಯ ಹಿಂದೆ ಇರುವುದರಿಂದ ಸೂಜಿ ಮುಟ್ಟಿಸುವುದೇ ಕಷ್ಟ. ಅಡಕ್ಟರ್‌ನವರಷ್ಟು ಸುಧಾರಣೆ ನಮಗಿಲ್ಲ.

ಮೂಡಿಗೆರೆ ರೈಟರ್: ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಅಪಾಯಿಂಟ್‌ಮೆಂಟ್ ಹೋಯಿತು ಅಂತಲೇ.

ಸಕಲೇಶಪುರ: ನಿಮ್ಮ ಚಾರ್ಮಾಡಿ ಕುಸಿಯುವುದೇ ಇಲ್ವಾ? ಘಾಟಿ ವಿಷಯ ನಮಗೆ ಹೇಳಬೇಡಿ.

ಬೇಲೂರು ಅಕ್ಕ: ಒಂದೇ ಬಾಟಲಿ ನಾಲ್ಕು ಜನಕ್ಕಾ? ಸೋಂಕು ತಗುಲಿದರೆ ಯಾರು ಗತಿ?

ಚನ್ನರಾಯಪಟ್ಟಣ ಅರ್ಚಕ: ಪ್ರತಿಯೊಬ್ಬರಿಗೂ ಹೊಸ ಸಿರಿಂಜ್, ಹೊಸ ಸೂಜಿ ಅಮ್ಮಾ. ಬೆರೆಸಿದ ಔಷಧಿ ಫ್ರಿಜ್‌ನಲ್ಲಿ, ಅದೇ ದಿನ ಖಾಲಿ. ಬಡವರು ಬದುಕಬೇಕಲ್ಲ.

ಮೂಡಿಗೆರೆ ರೈಟರ್: ಹಾಗಾದರೆ ನನ್ನ ಬಿಲ್‌ನ ಉಳಿದ 97 ಯೂನಿಟ್ ಎಲ್ಲಿ ಹೋಯಿತು? ಇಷ್ಟು ವರ್ಷದಲ್ಲಿ ಒಬ್ಬರೂ ಹಂಚುವ ಮಾತೇ ಎತ್ತಲಿಲ್ಲ. ಸ್ವಾಮಿ, ಅಲ್ಲಿ ಮುಂದಿನ ದಿನ ಯಾವಾಗ ಇಟ್ಟಿದ್ದಾರೆ ಹೇಳಿ. ನಾನೂ ಬರುತ್ತೇನೆ. ಟೀಚರನ್ನೂ ಕರೆಯಿರಿ.